ಮನಸ್ಸಿನ ಮಾತನ್ನು ಕ್ಯಾಮೆರಾ ಹಿಡಿಯುವುದು ಹೇಗೆ?

ಪ್ರಶ್ನೆ: ನನಗೆ ತುಂಬಾ ಇಷ್ಟವಾದ ಸಣ್ಣಕಥೆಯೊಂದನ್ನು ಕಿರುಚಿತ್ರ ಮಾಡಲು ಹೊರಟಿದ್ದೇನೆ. ಕಥೆಯ ಮುಕ್ಕಾಲು ಪಾಲು ನಾಯಕಿಯ ಮನಸ್ಸಿನೊಳಗೇ ನಡೆಯುತ್ತದೆ. ಆ ಸಾಲುಗಳನ್ನು ಹಿನ್ನೆಲೆ ದನಿಯಲ್ಲಿ ಓದಿಸಿಬಿಡಲೇ?

ಓದಿಸಬಹುದು, ಆದರೆ ಮೊದಲ ಕರಡಿನಲ್ಲಿ ಬೇಡ. ಹಿನ್ನೆಲೆ ದನಿ ಇದೆಯಲ್ಲ ಎಂಬ ಧೈರ್ಯ ಬಂದರೆ ದೃಶ್ಯ ಹುಡುಕುವ ಕೆಲಸವೇ ನಿಂತುಹೋಗುತ್ತದೆ.

‘ಅವಳಿಗೆ ಅವನ ಮೇಲಿನ ಸಿಟ್ಟು ಇನ್ನೂ ಆರಿರಲಿಲ್ಲ’ ಎಂಬ ಸಾಲನ್ನೇ ತೆಗೆದುಕೊಳ್ಳಿ. ಕ್ಯಾಮೆರಾಕ್ಕೆ ಇಲ್ಲಿ ಹಿಡಿಯಲು ಏನೂ ಇಲ್ಲ. ಅದೇ ಅವಳು ಪಾತ್ರೆಯೆಲ್ಲ ತೊಳೆದು, ಅವನ ಲೋಟವೊಂದನ್ನು ಮಾತ್ರ ಮೂಲೆಗೆ ಸರಿಸಿ, ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಹೋದರೆ? ಮಾರನೇ ಬೆಳಿಗ್ಗೆ ಆ ಲೋಟ ತೊಳೆದು ಕವುಚಿಟ್ಟಿದ್ದರೆ, ಸಿಟ್ಟು ಇಳಿದದ್ದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

ಈ ವಿಚಾರ ಬಂದಾಗಲೆಲ್ಲ ನನಗೆ ನೆನಪಾಗುವುದು ಅಮೆರಿಕದ ಆಂಬ್ರೋಸ್ ಬಿಯರ್ಸ್ 1890ರಲ್ಲಿ ಬರೆದ ‘ಔಲ್ ಕ್ರೀಕ್ ಸೇತುವೆ’ಯ ಕಥೆ. ಅಂತರ್ಯುದ್ಧದ ಕಾಲ, ನೇಣಿಗೆ ನಿಂತ ಒಬ್ಬ ಮನುಷ್ಯ, ಅವನ ತಲೆಯೊಳಗೆ ಓಡುವುದೇ ಕಥೆ. ಫ್ರಾನ್ಸಿನ ರೊಬೇರ್ ಆನ್ರಿಕೊ ಇದನ್ನು ಅರ್ಧ ಗಂಟೆಯೊಳಗಿನ ಚಿತ್ರವಾಗಿಸಿದರು. ಮಾತು ಇಲ್ಲವೆನ್ನುವಷ್ಟು ಕಡಿಮೆ. 1962ರಲ್ಲಿ ಕಾನ್ ಚಿತ್ರೋತ್ಸವದ ಕಿರುಚಿತ್ರ ಪ್ರಶಸ್ತಿ, ಆಮೇಲೆ ಆಸ್ಕರ್ ಕೂಡ ಬಂತು. ಸೇತುವೆಗೆ ಅಡ್ಡಿಪಡಿಸಿದವರಿಗೆ ಗಲ್ಲು ಎಂಬ ಆಜ್ಞೆ ಕಥೆಯಲ್ಲಿ ಒಬ್ಬ ಸೈನಿಕನ ಬಾಯಲ್ಲಿ ಬರುತ್ತದೆ. ಚಿತ್ರದಲ್ಲಿ ಅದು ಮರಕ್ಕೆ ಅಂಟಿಸಿದ ಒಂದು ಪ್ರಕಟಣೆ. ಹಿಂದಿನ ಕಥೆಯನ್ನೆಲ್ಲ ಹೇಳುವ ನಡುವಿನ ಭಾಗವನ್ನು ಆನ್ರಿಕೊ ಕೈಬಿಟ್ಟರು. ಎಲೆ, ಹುಳುಗಳನ್ನು ಅವನು ಮೊದಲ ಸಲ ಕಂಡವನಂತೆ ನೋಡುವುದನ್ನು ಮಾತ್ರ ಬಿಡಲಿಲ್ಲ, ಬದುಕುವ ಆಸೆ ಇರುವುದೇ ಅಲ್ಲಿ. ಏನನ್ನು ಬಿಡಬೇಕು, ಯಾವುದರ ಮೇಲೆ ನಿಲ್ಲಬೇಕು ಎಂಬುದನ್ನು ಇಷ್ಟು ಚೆನ್ನಾಗಿ ಕಲಿಸುವ ಚಿತ್ರ ಅಪರೂಪ. ಹುಡುಕಿ ನೋಡಿ, ಕಥೆಯನ್ನು ಪಕ್ಕದಲ್ಲಿಟ್ಟುಕೊಂಡೇ ನೋಡಿ.

ಹಾಗಂತ ಹಿನ್ನೆಲೆ ದನಿ ತಪ್ಪಲ್ಲ. ತೆರೆಯ ಮೇಲೆ ಕಾಣುವುದಕ್ಕೂ ದನಿ ಹೇಳುವುದಕ್ಕೂ ತಾಳೆಯಾಗದಿದ್ದಾಗ ಅದಕ್ಕೆ ಜೀವ ಬರುತ್ತದೆ. ‘ನಾನು ಅವನನ್ನು ಮರೆತಾಯಿತು’ ಎಂದು ದನಿ ಹೇಳುತ್ತಿರುವಾಗ ಕೈ ಎರಡು ತಟ್ಟೆ ಹಾಕುತ್ತಿದ್ದರೆ ನೋಡುವವರಿಗೆ ಎದೆ ಚುರ್ ಎನ್ನುತ್ತದೆ. ಕಾಣುವುದನ್ನೇ ದನಿಯೂ ಹೇಳಿದರೆ ಎರಡರಲ್ಲೊಂದು ದಂಡ.

ಕಥೆಯ ಹಕ್ಕು ಇನ್ನೂ ಲೇಖಕರ ಅಥವಾ ಅವರ ವಾರಸುದಾರರ ಬಳಿ ಇದ್ದರೆ, ಚಿತ್ರೀಕರಣಕ್ಕೆ ಮೊದಲೇ ಲಿಖಿತ ಒಪ್ಪಿಗೆ ಪಡೆಯಿರಿ.

ಈಗ ಪೆನ್ಸಿಲ್ ಹಿಡಿದು ಕಥೆ ಓದಿ. ಕಣ್ಣಿಗೆ ಕಾಣದ, ಕಿವಿಗೆ ಕೇಳದ ಸಾಲುಗಳಿಗೆಲ್ಲ ಗೆರೆ ಎಳೆಯಿರಿ. ಒಂದೊಂದಕ್ಕೂ ಒಂದು ಕೆಲಸವನ್ನೋ ವಸ್ತುವನ್ನೋ ಸದ್ದನ್ನೋ ಹುಡುಕಿ. ಎಷ್ಟು ಹುಡುಕಿದರೂ ಬಗ್ಗದ ಒಂದೆರಡು ಸಾಲು ಉಳಿಯುತ್ತವೆ. ಅವನ್ನು ಓದಿಸಿ.