ರಭಸದಿಂದ ಎಳೆದ ಔಷಧ ಎದೆಗೆ ಇಳಿಯುವುದಿಲ್ಲ

ಮಳೆಗಾಲ ಹಿಡಿಯಿತೆಂದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಗಳಿಂದ ನನ್ನಲ್ಲಿಗೆ ಬರುವ ದಮ್ಮಿನ ರೋಗಿಗಳ ಸಂಖ್ಯೆ ಏರುತ್ತದೆ. ಪಂಪು (ಇನ್ಹೇಲರ್) ತೆಗೆದುಕೊಂಡರೂ ಗುಣ ಕಾಣುತ್ತಿಲ್ಲವೆಂಬುದು ಅವರಲ್ಲಿ ಬಹಳ ಮಂದಿಯ ದೂರು. ಔಷಧ ಬದಲಾಯಿಸುವ ಮೊದಲು ನಾನು ಪಂಪನ್ನು ಅವರ ಕೈಗೇ ಕೊಟ್ಟು, ಮನೆಯಲ್ಲಿ ತೆಗೆದುಕೊಳ್ಳುವ ಹಾಗೆಯೇ ಇಲ್ಲಿಯೂ ತೆಗೆದುಕೊಳ್ಳಿ ಎನ್ನುತ್ತೇನೆ. ಒತ್ತಿದೊಡನೆ ಅವರು ಹೆಗಲೆತ್ತಿ, ಕೋಣೆಗೆಲ್ಲ ಕೇಳುವಂತೆ, ಒಂದೇ ಸೆಕೆಂಡಿನಲ್ಲಿ ಗಾಳಿಯನ್ನು ಎಳೆದು ಮುಗಿಸಿಬಿಡುತ್ತಾರೆ. ಕಾಯಿಲೆ ಎದೆಯ ಆಳದಲ್ಲಿರುವುದರಿಂದ ಬಲವಾಗಿಯೇ ಎಳೆಯಬೇಕೆಂಬುದು ಅವರ ಲೆಕ್ಕ. ಎಷ್ಟು ಸಲ ತಿದ್ದಿದರೂ ಮುಂದಿನ ಭೇಟಿಯ ಹೊತ್ತಿಗೆ ಅದೇ ರಭಸ ಮರಳಿರುವುದನ್ನು ಕಂಡು ಬೇಸತ್ತು, ಕಾರಣವನ್ನು ಸಾವಕಾಶವಾಗಿ ಬರೆದೇ ತಿಳಿಸಲು ಹೊರಟಿದ್ದೇನೆ.

ಶ್ವಾಸನಾಳವು ಎದೆಯೊಳಗೆ ಎರಡಾಗಿ, ಎರಡು ನಾಲ್ಕಾಗಿ ಕವಲೊಡೆಯುತ್ತ ಹೋಗುತ್ತದೆ. ಸ್ವಿಟ್ಜರ್ಲೆಂಡಿನ ಅಂಗರಚನಾ ವಿಜ್ಞಾನಿ ಎವಾಲ್ಡ್ ವೈಬೆಲ್ 1963ರಲ್ಲಿ ಪ್ರಕಟಿಸಿದ, ಇಂದಿಗೂ ಬಳಕೆಯಲ್ಲಿರುವ ಮಾದರಿಯಲ್ಲಿ ಶ್ವಾಸನಾಳದ ನಂತರ 23 ಹಂತಗಳ ಕವಲುಗಳಿವೆ. ಒಂದೊಂದು ಕವಲೂ ಹಿಂದಿನದಕ್ಕಿಂತ ಕಿರಿದಾದುದರಿಂದ ಗಾಳಿ ಒಳಹೋದಂತೆ ವೇಗ ಪಡೆಯುತ್ತದೆಂದು ಜನರು ಊಹಿಸುತ್ತಾರೆ. ನಡೆಯುವುದು ಇದಕ್ಕೆ ತದ್ವಿರುದ್ಧ. ಮೊದಲ ಕೆಲವು ಕವಲುಗಳನ್ನು ದಾಟಿದ ಮೇಲೆ ಕೊಳವೆಗಳ ಸಂಖ್ಯೆ ಎಷ್ಟು ಹೆಚ್ಚುತ್ತದೆಂದರೆ, ಅವೆಲ್ಲವುಗಳ ಅಡ್ಡಕೊಯ್ತದ ಒಟ್ಟು ವಿಸ್ತೀರ್ಣ ಹಿಗ್ಗುತ್ತಲೇ ಹೋಗುತ್ತದೆ. ಶ್ವಾಸನಾಳದಲ್ಲಿ ಅದು ಸುಮಾರು 2.5 ಚದರ ಸೆಂಟಿಮೀಟರ್. 16ನೆಯ ಹಂತದಲ್ಲಿ ಸುಮಾರು 180. ಅಡಿಕೆ ತೋಟದಲ್ಲಿ ದೊಡ್ಡ ತೋಡಿನಿಂದ ಹತ್ತಾರು ಕಣಿಗಳಿಗೆ ತಿರುಗಿಸಿದ ನೀರು ಪ್ರತಿ ಕಣಿಯಲ್ಲೂ ಹೇಗೆ ಸಾವಕಾಶ ಹರಿಯುತ್ತದೆಯೋ ಇದೂ ಹಾಗೆಯೇ. ನಿಮಿಷಕ್ಕೆ 30 ಲೀಟರಿನಂತೆ ಗಾಳಿ ಎಳೆದರೆ ಶ್ವಾಸನಾಳದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 2 ಮೀಟರ್. 16ನೆಯ ಹಂತದಲ್ಲಿ 3 ಸೆಂಟಿಮೀಟರೂ ಇಲ್ಲ. ಇನ್ನೂ ಆಳದಲ್ಲಿ ಗಾಳಿ ಬಹುತೇಕ ನಿಂತೇ ಇರುತ್ತದೆ. ಎಂದರೆ, ಬಾಯಿಯಲ್ಲಿ ಹುಟ್ಟಿಸಿದ ರಭಸ ಆಳವನ್ನು ತಲಪುವುದೇ ಇಲ್ಲ.

ಹಾಗಾದರೆ ಆ ರಭಸ ಎಲ್ಲಿ ಕೆಲಸ ಮಾಡುತ್ತದೆ? ಗಂಟಲಿನಲ್ಲಿ. ಬಾಯಿಯಿಂದ ಶ್ವಾಸನಾಳಕ್ಕೆ ಹೋಗುವ ದಾರಿ ಹೆಚ್ಚುಕಡಿಮೆ ಲಂಬಕೋನದಲ್ಲಿ ಕೆಳಕ್ಕೆ ತಿರುಗುತ್ತದೆ. ಗಾಳಿ ಹಗುರವಾದುದರಿಂದ ತಿರುಗಿಕೊಳ್ಳುತ್ತದೆ. ಅದರಲ್ಲಿರುವ ಔಷಧದ ಹನಿ ಮಾತ್ರ ತನ್ನ ಜಡತ್ವದಿಂದಾಗಿ ನೇರ ಹೋಗಿ ಗಂಟಲಿನ ಹಿಂಗೋಡೆಗೆ ಬಡಿಯುತ್ತದೆ. ಗಾಳಿಯ ವೇಗ ಹೆಚ್ಚಿದಷ್ಟೂ, ಹನಿ ದೊಡ್ಡದಾದಷ್ಟೂ ಈ ಬಡಿತ ಹೆಚ್ಚು. ಐದು ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದೊಡ್ಡ ಹನಿಗಳಲ್ಲಿ ಹೆಚ್ಚಿನವು ಮೇಲೆಯೇ ಉಳಿದುಬಿಡುತ್ತವೆ. ಸಾಲದುದಕ್ಕೆ, ಜೋರಾಗಿ ಎಳೆದಾಗ ಮೇಲಿನ ಕೊಳವೆಗಳಲ್ಲಿ ಹರಿವು ಸುಳಿಸುಳಿಯಾಗುತ್ತದೆ, ಆಗ ಎರಡು ಪಟ್ಟು ಹರಿವಿಗೆ ಸುಮಾರು ನಾಲ್ಕು ಪಟ್ಟು ಒತ್ತಡ ಬೇಕಾಗುತ್ತದೆ. ಮೊದಲೇ ದಣಿದಿರುವ ರೋಗಿ ಇನ್ನಷ್ಟು ದಣಿದು, ಔಷಧವನ್ನು ಗಂಟಲಿಗೆ ಬಳಿದುಕೊಂಡಂತಾಗುತ್ತದೆ. ಸ್ಟಿರಾಯ್ಡ್ ಪಂಪಿನವರಿಗೆ ಸ್ವರ ಒಡೆಯುವುದು, ಬಾಯಿಯಲ್ಲಿ ಬಿಳಿ ಬೂಸು ಕಾಣಿಸುವುದು ಹೆಚ್ಚುವುದೂ ಇದರಿಂದಲೇ.

ಆದ್ದರಿಂದ ಸ್ಪ್ರೇ ಪಂಪಾದರೆ, ಉಸಿರನ್ನು ಪೂರ್ತಿ ಹೊರಬಿಟ್ಟು, ಎಳೆಯಲು ತೊಡಗಿದ ಕ್ಷಣದಲ್ಲೇ ಒತ್ತಿ, ನಾಲ್ಕೈದು ಸೆಕೆಂಡು ಹಿಡಿಯುವಷ್ಟು ನಿಧಾನವಾಗಿ ಎಳೆಯಬೇಕು. ಬಳಿಕ ಸಾಧ್ಯವಾದರೆ ಹತ್ತು ಸೆಕೆಂಡು ಉಸಿರು ಕಟ್ಟಬೇಕು. ಆಳದ ಕೊಳವೆಗಳಲ್ಲಿ ಗಾಳಿ ನಿಂತಿರುವಾಗ ಸಣ್ಣ ಹನಿಗಳು ತಮ್ಮ ಭಾರದಿಂದಲೇ ಗೋಡೆಯ ಮೇಲೆ ಕೂರುತ್ತವೆ, ಅದಕ್ಕೆ ಹೊತ್ತು ಬೇಕು.

ಇಷ್ಟನ್ನು ವಿವರಿಸಿದಾಗ ಪೆರ್ಲದ ಕಡೆಯ ಹಿರಿಯ ಹೆಂಗಸೊಬ್ಬರು, "ನಮ್ಮ ಯಜಮಾನರಿಗೆ ಜೋರಾಗಿ ಎಳೆಯಲು ಹೇಳಿದವರೂ ನೀವೇ ಅಲ್ಲವೇ ಡಾಕ್ಟ್ರೇ, ನನಗೆ ಮಾತ್ರ ನಿಧಾನವೇಕೆ?" ಎಂದು ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. "ಅಕ್ಕಾ, ಅವರದು ಪುಡಿ, ನಿಮ್ಮದು ಸ್ಪ್ರೇ" ಎಂದೆ. ಕ್ಯಾಪ್ಸೂಲಿನ ಪುಡಿಯನ್ನು ಒಡೆದು ಚದುರಿಸಲು, ಸ್ಪ್ರೇಯಲ್ಲಿರುವಂತಹ ಗ್ಯಾಸು ಆ ಸಾಧನದಲ್ಲಿಲ್ಲ. ರೋಗಿ ಎಳೆಯುವ ಬಲವೇ ಆ ಕೆಲಸವನ್ನೂ ಮಾಡಬೇಕು. ಅಲ್ಲಿ ಮೊದಲಿನಿಂದಲೇ ಜೋರಾಗಿ, ದೀರ್ಘವಾಗಿ ಎಳೆಯುವುದು ಸರಿ. ಗಂಡನನ್ನು ನೋಡಿ ಹೆಂಡತಿ, ಅಕ್ಕನನ್ನು ನೋಡಿ ತಂಗಿ ಕಲಿಯುವ ನಮ್ಮ ಮನೆಗಳಲ್ಲಿ ಈ ಗೊಂದಲ ಸಹಜ. ಕಲಿಸಿದವರ ಪ್ರೀತಿಯನ್ನು ನಾನು ಅಲ್ಲಗಳೆಯಲಾರೆ. ಸಾಧನ ಯಾವುದೆಂದು ನೋಡದೆ ಕಲಿಸಬೇಡಿರೆಂದಷ್ಟೇ ಕೇಳಿಕೊಳ್ಳುತ್ತೇನೆ. ನಿಮ್ಮ ಸಾಧನ ಯಾವ ಬಗೆಯದೆಂಬ ಸಂಶಯವಿದ್ದರೆ ಅದನ್ನು ಬರೆದುಕೊಟ್ಟ ವೈದ್ಯರಿಗೆ ತೋರಿಸಿ, ಅವರೆದುರೇ ಒಮ್ಮೆ ತೆಗೆದುಕೊಳ್ಳಿ.

ಒತ್ತುವುದನ್ನೂ ಎಳೆಯುವುದನ್ನೂ ಹೊಂದಿಸಲಾಗದ ವೃದ್ಧರಿಗೂ ಮಕ್ಕಳಿಗೂ ಸ್ಪ್ರೇ ಪಂಪಿಗೆ ಸ್ಪೇಸರ್ ಎಂಬ ಟೊಳ್ಳು ಕೊಳವೆಯನ್ನು ಜೋಡಿಸಿಕೊಡುತ್ತೇವೆ. ವೇಗದಿಂದ ಹೊರಬಿದ್ದ ಸ್ಪ್ರೇ ಅದರೊಳಗೆ ನಿಧಾನವಾಗುತ್ತದೆ, ದೊಡ್ಡ ಹನಿಗಳು ಅಲ್ಲಿಯೇ ಉಳಿಯುತ್ತವೆ. ಪ್ಲಾಸ್ಟಿಕ್ಕಿನ ಸ್ಪೇಸರನ್ನು ಸಾಬೂನಿನ ನೀರಿನಲ್ಲಿ ಅದ್ದಿ ತೆಗೆದು, ಬಟ್ಟೆಯಿಂದ ಒರೆಸದೆ ಹಾಗೆಯೇ ಆರಲು ಬಿಡಿ. ಒರೆಸಿದರೆ ಒಳಗೋಡೆಯಲ್ಲಿ ಸ್ಥಿರ ವಿದ್ಯುತ್ತು ಹುಟ್ಟಿ, ಔಷಧ ಅದಕ್ಕೇ ಅಂಟಿಕೊಳ್ಳುತ್ತದೆ.