ಬೂತಾಯಿಯ ಹೊಟ್ಟೆಯಲ್ಲಿದ್ದ ಪಾಠ

ಕರಾವಳಿಯ ಹೈಸ್ಕೂಲು ಮಕ್ಕಳಿಗೆ ಕಡಲಿನ ಬಗ್ಗೆ ಹೇಳಿಕೊಡುವುದು ನನ್ನ ಕೆಲಸ. ಕಡಲ ಪಕ್ಕದಲ್ಲೇ ಬೆಳೆದ ಮಕ್ಕಳಿಗೆ ಅದೆಲ್ಲ ಗೊತ್ತೇ ಇರುತ್ತದೆ ಅಲ್ವಾ ಎಂದು ತುಂಬ ಜನ ಕೇಳುತ್ತಾರೆ. ಗೊತ್ತಿರುತ್ತದೆ. ಅದೂ ಒಂದು ವಿದ್ಯೆ ಎಂದು ಮಾತ್ರ ಅವರಿಗೆ ಯಾರೂ ಹೇಳಿರುವುದಿಲ್ಲ.

ಕುಮಟಾ ಕಡೆ, ಅಘನಾಶಿನಿ ದಂಡೆಯ ಊರುಗಳಲ್ಲಿ, ಒಂಬತ್ತನೇ ಕ್ಲಾಸಿನವರನ್ನು ಉಬ್ಬರ-ಇಳಿತ ಎಂದರೇನು ಎಂದು ಕೇಳಿ. ಪುಸ್ತಕದ ಎರಡು ಸಾಲು ಒಪ್ಪಿಸಿ ಸುಮ್ಮನಾಗುತ್ತಾರೆ. ನಾಳೆ ಬಳಚು (ತಿನ್ನುವ ಚಿಪ್ಪಿನ ಜೀವಿ) ಹೆಕ್ಕಲು ಎಷ್ಟು ಹೊತ್ತಿಗೆ ಹೋಗಬೇಕು ಎಂದು ಕೇಳಿ. ಇವತ್ತಿಗಿಂತ ಮುಕ್ಕಾಲು ಗಂಟೆ ತಡ, ಅಮಾಸೆ ಹತ್ತಿರ ಬಂದರೆ ನೀರು ಜಾಸ್ತಿ ಇಳಿಯುತ್ತದೆ ಎಂದು ಥಟ್ಟನೆ ಹೇಳುತ್ತಾರೆ. ಚಂದ್ರನ ಲೆಕ್ಕದಲ್ಲಿ ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಮಕ್ಕಳ ಉತ್ತರ ಸರಿಯಾಗಿಯೇ ಇದೆ. ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಅಷ್ಟೆ.

ಕಡಲಿನ ಬಗ್ಗೆ ಮಕ್ಕಳ ಮನಸ್ಸು ರೂಪುಗೊಳ್ಳುವುದು ಮನೆಯ ಮಾತಿನಿಂದ. 'ಚೆನ್ನಾಗಿ ಓದು, ಇಲ್ಲದಿದ್ದರೆ ಬಲೆ ಎಳೆಯೋದೇ ಗತಿ.' ಈ ಮಾತು ಕೇಳಿಯೇ ಬೆಳೆದ ಹುಡುಗನಿಗೆ ಕಡಲು ನಪಾಸಾದವರ ಜಾಗ. ಅಮ್ಮ ಮೀನು ಮಾರುತ್ತಾಳೆ ಎಂದು ಹೇಳಲು ಕೆಲವು ಹುಡುಗಿಯರು ಹಿಂಜರಿಯುತ್ತಾರೆ. ತಂದೆತಾಯಿಯನ್ನು ನಾನು ದೂರುವುದಿಲ್ಲ. ಮೀನು ಸಿಗದ ವರ್ಷಗಳನ್ನು ಕಂಡವರು ಅವರು.

ಘಟ್ಟದ ಮೇಲಿನ ಮಕ್ಕಳದ್ದು ಬೇರೆಯೇ ಕಥೆ. ಅವರಿಗೆ ಕಡಲು ಎಂದರೆ ಶಾಲಾ ಪ್ರವಾಸದ ಒಂದು ಸಂಜೆ. ಉಳಿದದ್ದು ಫೋನಿನಲ್ಲಿ ನೋಡಿದ ಸುನಾಮಿ, ಶಾರ್ಕು, ಪ್ಲಾಸ್ಟಿಕ್ ತಿಂದು ಸತ್ತ ತಿಮಿಂಗಿಲ. ಹೆದರಿಕೆಯೂ ಬರುತ್ತದೆ, ಮರುಕವೂ ಬರುತ್ತದೆ, ಆದರೆ ಪ್ರಶ್ನೆ ಹುಟ್ಟುವುದಿಲ್ಲ. ತೀರ್ಥಹಳ್ಳಿಯ ತುಂಗೆಯ ನೀರು ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ ಎಂದು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದಾಗ ಮಾತ್ರ ಮೊದಲ ಪ್ರಶ್ನೆ ಬರುತ್ತದೆ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಬೂತಾಯಿ ಎಂಬ ಸಣ್ಣ ಮೀನು. ಬೆಳಿಗ್ಗೆ ಬಂದ ತಾಜಾ ಮೀನನ್ನು ಮಕ್ಕಳೇ ಕೊಯ್ಯುತ್ತಾರೆ. ನನಗಿಂತ ಅವರ ಕೈ ಚುರುಕು. ಹೊಟ್ಟೆಯೊಳಗಿನ ಹಸಿರು-ಕಂದು ರಾಡಿಯನ್ನು ಸೂಜಿಮೊನೆಯಷ್ಟು ತೆಗೆದು, ಒಂದು ಹನಿ ನೀರಿನಲ್ಲಿ ಕಲಸಿ, ಮೈಕ್ರೋಸ್ಕೋಪಿನ ಕೆಳಗೆ ಇಡುತ್ತೇವೆ. ಗಾಜಿನ ಚಿಪ್ಪಿನ ಡಯಾಟಮ್‌ಗಳು, ಅಂದರೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು, ಕಾಣುತ್ತವೆ. ಕೆಲವು ದುಂಡಗೆ, ಕೆಲವು ಕಡ್ಡಿಯಂತೆ. 'ಇದನ್ನು ತಿಂದೇ ಇಷ್ಟು ಕೊಬ್ಬುತ್ತಾ?' ಎಂದು ಕೇಳುತ್ತಾರೆ. ಅಲ್ಲಿಂದ ಪಾಠ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಕೆಳಗಿನ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆ ಬರುತ್ತದೆ. ಅದರಿಂದ ಈ ಸೂಕ್ಷ್ಮ ಸಸ್ಯಗಳು ರಾಶಿರಾಶಿ ಬೆಳೆಯುತ್ತವೆ. ಅವನ್ನು ತಿನ್ನಲು ಬೂತಾಯಿ ದಡದ ಹತ್ತಿರ ಬರುತ್ತದೆ. ಭೂಮಿಯ ಮೇಲೆ ತಯಾರಾಗುವ ಆಮ್ಲಜನಕದಲ್ಲಿ ಸುಮಾರು ಅರ್ಧ ಕಡಲಿನದು, ಅದನ್ನು ಮಾಡುವವರಲ್ಲಿ ಇವೂ ಸೇರಿವೆ ಎಂದಾಗ ಮತ್ತೊಮ್ಮೆ ಬಗ್ಗಿ ನೋಡುತ್ತಾರೆ.

ಆಮೇಲೆ ಮಾತು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧಕ್ಕೆ ಬರುತ್ತದೆ. ಆಗ ಯಾಂತ್ರಿಕ ಬೋಟುಗಳು ಯಾಕೆ ನಿಲ್ಲಬೇಕು, ನಾಡದೋಣಿಗೆ ಯಾಕೆ ಬಿಡುತ್ತಾರೆ, ಮರಿಮೀನು ಫಿಶ್‌ಮೀಲ್ (ಮೀನಿನ ಪುಡಿ) ಫ್ಯಾಕ್ಟರಿಗೆ ಯಾಕೆ ಹೋಗಬೇಕು? ಒಬ್ಬನ ಅಪ್ಪ ಟ್ರಾಲರಿನಲ್ಲಿ, ಇನ್ನೊಬ್ಬಳ ಅಪ್ಪ ನಾಡದೋಣಿಯಲ್ಲಿ. ಇಬ್ಬರೂ ಮನೆಯಲ್ಲಿ ಕೇಳಿದ್ದನ್ನೆಲ್ಲ ತಂದು ಜಗಳಕ್ಕೆ ಬೀಳುತ್ತಾರೆ. ಅದಕ್ಕೆ ನಾನು ಇಡೀ ಪೀರಿಯಡ್ ಬಿಟ್ಟುಕೊಡುತ್ತೇನೆ.