ಗರ್ಭಕಂಠದ ಕ್ಯಾನ್ಸರ್: ನೆರೆಯ ಹಳ್ಳಿಗಳು ಕಲಿಸಿದ ಪಾಠ ನಮ್ಮಲ್ಲಿಗೆ ತಲುಪಿದ್ದೆಷ್ಟು?

ಕೊಪ್ಪಳ, ಹೊಸಪೇಟೆ, ಬಳ್ಳಾರಿಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತುವವರಲ್ಲಿ ಕೆಲವರನ್ನು ಅವರ ಕೈಚೀಲದಿಂದಲೇ ಗುರುತಿಸಬಹುದು. ಸ್ಕ್ಯಾನಿಂಗ್ ಫಿಲ್ಮಿನ ದೊಡ್ಡ ಲಕೋಟೆ, ರೊಟ್ಟಿ ಮತ್ತು ಶೇಂಗಾ ಚಟ್ನಿಯ ಗಂಟು, ಮಡಿಸಿದ ಕಂಬಳಿ. ಇವರು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೊರಟವರು.

ಹೀಗೆ ಒಮ್ಮೆ ನನ್ನ ಎದುರು ಕುಳಿತಿದ್ದವರು ಗಂಗಾವತಿ ಕಡೆಯ ಹೆಣ್ಣುಮಗಳು. ಭತ್ತದ ನಾಟಿಗೆ ಹೋಗುವವರು, ಐವತ್ತು ದಾಟಿದ ವಯಸ್ಸು. ಮುಟ್ಟು ನಿಂತು ನಾಲ್ಕು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಾಗ ಉಷ್ಣವಾಗಿರಬೇಕೆಂದು ತಿಂಗಳುಗಟ್ಟಲೆ ಸುಮ್ಮನಿದ್ದರಂತೆ. ನಾಲ್ಕು ಹೆರಿಗೆ, ಸಂತಾನಹರಣ ಶಸ್ತ್ರಚಿಕಿತ್ಸೆ, ಬಿಳಿಸೆರಗಿಗೆ ಮೂರು ನಾಲ್ಕು ಸಲ ಗುಳಿಗೆ ಎಂದು ಅವರು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಕಡಿಮೆಯೇನಲ್ಲ. ಅಷ್ಟು ಸಲದಲ್ಲಿ ಒಮ್ಮೆಯಾದರೂ ಯಾರಾದರೂ ಗರ್ಭಚೀಲದ ಬಾಯಿಯನ್ನು ನೋಡಿದ್ದರೇ ಎಂದು ಕೇಳಿದೆ. ಇಲ್ಲ ಎಂದರು.

ಆ ಉತ್ತರ ಇಂದಿಗೂ ನನ್ನನ್ನು ಕಾಡುತ್ತದೆ. ಏಕೆಂದರೆ ಗರ್ಭಚೀಲದ ಬಾಯಿಯ, ಅಂದರೆ ಗರ್ಭಕಂಠದ, ಕ್ಯಾನ್ಸರ್ ರಾತ್ರೋರಾತ್ರಿ ಬರುವುದಲ್ಲ. ಸೋಂಕು ತಗುಲಿ, ಜೀವಕೋಶಗಳು ಬದಲಾಗಿ, ಕ್ಯಾನ್ಸರ್ ಆಗಿ ಬಲಿಯಲು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಹಿಡಿಯುತ್ತದೆ. ಅಷ್ಟೂ ವರ್ಷ ಅದು ಕಣ್ಣಿಗೆ ಕಾಣುವ ಜಾಗದಲ್ಲಿಯೇ ಇರುತ್ತದೆ. ಆದರೂ 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷದಲ್ಲಿ 1.27 ಲಕ್ಷಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಇದು ಬಂತು, ಸುಮಾರು 80 ಸಾವಿರ ಮಂದಿ ತೀರಿಕೊಂಡರು.

ಈ ಕಾಯಿಲೆಯ ಮೂಲದ ಹುಡುಕಾಟ ಹಳೆಯದು. ಇಟಲಿಯ ವೈದ್ಯ ರಿಗೋನಿ ಸ್ಟರ್ನ್ 1842ರಲ್ಲಿ ವೆರೋನಾ ನಗರದ ಮರಣದ ದಾಖಲೆಗಳನ್ನು ತಿರುವಿಹಾಕಿ, ಗರ್ಭಕೋಶದ ಕ್ಯಾನ್ಸರ್ ಮದುವೆಯಾದವರಲ್ಲಿ ಹೆಚ್ಚು, ಸನ್ಯಾಸಿನಿಯರಲ್ಲಿ ಅಪರೂಪ ಎಂದು ಗುರುತಿಸಿದ. ಕಾರಣ ಗೊತ್ತಾಗಲು ಮತ್ತೆ ನೂರನಲವತ್ತು ವರ್ಷ ಬೇಕಾಯಿತು. ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ತಂಡ 1983 ಮತ್ತು 84ರಲ್ಲಿ ಎಚ್‌ಪಿವಿ ವೈರಸ್ಸಿನ 16 ಮತ್ತು 18ನೇ ಬಗೆಗಳನ್ನು ಈ ಗಡ್ಡೆಗಳಲ್ಲಿ ಪತ್ತೆ ಹಚ್ಚಿತು. ಅವರಿಗೆ 2008ರಲ್ಲಿ ನೊಬೆಲ್ ಬಂತು. ಹತ್ತರಲ್ಲಿ ಏಳು ಪ್ರಕರಣಗಳಿಗೆ ಈ ಎರಡೇ ಬಗೆಗಳು ಕಾರಣ. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು ಎಂದ ಕೂಡಲೇ ನಮ್ಮಲ್ಲಿ ಹೆಣ್ಣಿನ ನಡತೆಯ ಮೇಲೆ ಬೆರಳು ತೋರಿಸುತ್ತಾರೆ. ಅದು ಶುದ್ಧ ತಪ್ಪು. ಸಂಸಾರ ಮಾಡುವ ಬಹುತೇಕ ಎಲ್ಲರಿಗೂ, ಗಂಡಸರಿಗೂ, ಈ ಸೋಂಕು ಒಮ್ಮೆಯಾದರೂ ತಗುಲುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ಹೋಗದೆ ಉಳಿದರೆ ಅಪಾಯ. ಎಚ್‌ಐವಿ ಇರುವ ಮಹಿಳೆಯರಲ್ಲಿ ಈ ಅಪಾಯ ಆರು ಪಟ್ಟು, ಕಾಯಿಲೆ ಬಲಿಯುವ ಅವಧಿಯೂ ಕಡಿಮೆ. ಎಚ್‌ಐವಿಯ ಹೊಡೆತ ತಿಂದ ನಮ್ಮ ಜಿಲ್ಲೆಗಳಲ್ಲಿ ಇದನ್ನು ಮರೆಯುವಂತಿಲ್ಲ.

ಕಾರಣ ತಿಳಿಯುವ ಮೊದಲೇ ಪತ್ತೆಯ ದಾರಿ ಸಿಕ್ಕಿತ್ತು. ಗರ್ಭಕಂಠದ ಲೋಳೆಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನವನ್ನು ಜಾರ್ಜ್ ಪಾಪನಿಕೊಲಾವು 1928ರಲ್ಲೇ ಮುಂದಿಟ್ಟರು. 1941ರ ನಂತರ ಅದಕ್ಕೆ ಮನ್ನಣೆ ಸಿಕ್ಕಿತು. ಪ್ಯಾಪ್ ಪರೀಕ್ಷೆ ಎಂದು ಹೆಸರಾದ ಇದು ಶ್ರೀಮಂತ ದೇಶಗಳಲ್ಲಿ ಸಾವುಗಳನ್ನು ಬಹಳ ಇಳಿಸಿತು. ನಮ್ಮಲ್ಲಿ ಅದು ದೊಡ್ಡ ಊರುಗಳಾಚೆ ಬೇರೂರಲಿಲ್ಲ. ಪ್ರಯೋಗಾಲಯ ಬೇಕು, ಗಾಜನ್ನು ಓದಬಲ್ಲವರು ಬೇಕು, ವರದಿಗಾಗಿ ಆಕೆ ಮತ್ತೊಮ್ಮೆ ಬರಬೇಕು. ಮತ್ತೊಮ್ಮೆ ಬರುವುದೆಂದರೆ ಇನ್ನೊಂದು ದಿನದ ಕೂಲಿ ಹೋದಂತೆ.

ಇದಕ್ಕೆ ಉತ್ತರ ಹುಡುಕುವ ದೊಡ್ಡ ಕೆಲಸ ನಡೆದದ್ದು ನಮ್ಮ ನೆರೆಯಲ್ಲೇ, ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ. 1956ರವರೆಗೆ ಅದೂ ನಮ್ಮ ರಾಯಚೂರು, ಕೊಪ್ಪಳಗಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಅದೇ ಎರೆಮಣ್ಣು, ಅದೇ ಜೋಳ, ಅದೇ ಬರಗಾಲ. ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆಯವರೂ ಕೈಜೋಡಿಸಿದ ಆ ಅಧ್ಯಯನದಲ್ಲಿ 52 ಹಳ್ಳಿಗುಂಪುಗಳ 30ರಿಂದ 59 ವರ್ಷದ 1,31,746 ಮಹಿಳೆಯರು ಸೇರಿದರು. 2009ರಲ್ಲಿ ಫಲಿತಾಂಶ ಬಂತು. ಒಮ್ಮೆ ಎಚ್‌ಪಿವಿ ಪರೀಕ್ಷೆಗೆ ಒಳಪಟ್ಟ ಗುಂಪಿನ 34 ಸಾವಿರ ಮಂದಿಯಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ವಿಶೇಷ ತಪಾಸಣೆ ಇಲ್ಲದ ಗುಂಪಿನ 31 ಸಾವಿರ ಮಂದಿಯಲ್ಲಿ 64. ಜೀವಮಾನದಲ್ಲಿ ಒಂದೇ ಒಂದು ಪರೀಕ್ಷೆಯಿಂದ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಇದನ್ನು ಜಗತ್ತಿಗೆ ತೋರಿಸಿಕೊಟ್ಟವರು ಹೊಲದಲ್ಲಿ ಕಳೆ ಕೀಳುವ ಹೆಂಗಸರು.

ಅಗ್ಗದ ದಾರಿ ಇನ್ನೊಂದಿದೆ, ಆಮ್ಲ ಸವರಿ ಬರಿಗಣ್ಣಿನಿಂದ ನೋಡುವ ವಿಐಎ ಪರೀಕ್ಷೆ. ತಮಿಳುನಾಡಿನ ದಿಂಡಿಗಲ್‌ನಲ್ಲಿ ಇದು ಸಾವನ್ನು ಶೇ 35ರಷ್ಟು, ಮುಂಬೈಯ ಕೊಳೆಗೇರಿಗಳಲ್ಲಿ ಶೇ 31ರಷ್ಟು ಇಳಿಸಿತು. ನಾನೂ ಮಾಡಿಸಿಕೊಂಡಿದ್ದೇನೆ. ಹೆರಿಗೆ ಮಂಚದಂಥ ಮಂಚ, ಒಂದು ಸ್ಟೀಲಿನ ಉಪಕರಣ, ಹತ್ತಿಯ ತುದಿಯಲ್ಲಿ ದುರ್ಬಲಗೊಳಿಸಿದ ಅಸಿಟಿಕ್ ಆಮ್ಲ. ಗೋಬಿ ಮಂಚೂರಿ ಗಾಡಿಯ ಪಕ್ಕ ನಿಂತಾಗ ಮೂಗಿಗೆ ಬಡಿಯುವ ವಿನೆಗರ್ ವಾಸನೆಯೇ ಅದು. ಸವರಿ ಒಂದು ನಿಮಿಷ ಕಾಯುತ್ತಾರೆ. ಬದಲಾದ ಜೀವಕೋಶಗಳಿದ್ದರೆ ಆ ಜಾಗ ಬೆಳ್ಳಗಾಗುತ್ತದೆ, ಇಲ್ಲದಿದ್ದರೆ ಗುಲಾಬಿಯಾಗಿಯೇ ಉಳಿಯುತ್ತದೆ. ತರಬೇತಾದ ನರ್ಸ್ ಅಲ್ಲಿಯೇ ಹೇಳಬಲ್ಲರು. ಆದರೆ ಇದು ನೋಡುವವರ ಕಣ್ಣಿನ ಮೇಲೆ ನಿಂತಿರುವ ಪರೀಕ್ಷೆ. ಉಸ್ಮಾನಾಬಾದಿನಲ್ಲಿ ಇದರಿಂದ ಸ್ಪಷ್ಟ ಇಳಿಕೆ ಕಾಣಲಿಲ್ಲ. ಹಾಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಎಚ್‌ಪಿವಿ ಪರೀಕ್ಷೆಗೇ ಮೊದಲ ಸ್ಥಾನ ಕೊಟ್ಟಿದೆ. ಅದಕ್ಕೆ ಬೇಕಾದ ಮಾದರಿಯನ್ನು ಹೆಣ್ಣುಮಕ್ಕಳು ತಾವೇ ತೆಗೆದುಕೊಡಬಹುದು. ನಾಚಿಕೆಯೇ ದೊಡ್ಡ ಅಡ್ಡಿಯಾಗಿರುವ ನಮ್ಮ ಹಳ್ಳಿಗಳಿಗೆ ಇದಕ್ಕಿಂತ ಒಪ್ಪುವ ದಾರಿ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

30ರಿಂದ 65 ವರ್ಷದ ಪ್ರತಿ ಮಹಿಳೆಗೂ ಐದು ವರ್ಷಕ್ಕೊಮ್ಮೆ ತಪಾಸಣೆ ಎಂದು ಕೇಂದ್ರ ಸರ್ಕಾರ 2016ರಲ್ಲೇ ಮಾರ್ಗಸೂಚಿ ಹೊರಡಿಸಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49ರ ವಯಸ್ಸಿನವರಲ್ಲಿ ಒಮ್ಮೆಯಾದರೂ ಈ ತಪಾಸಣೆ ಆದವರು ನೂರಕ್ಕೆ ಇಬ್ಬರೂ ಇರಲಿಲ್ಲ.

ತಪಾಸಣೆ ಇಲ್ಲದ ಜಾಗದಲ್ಲಿ ಭಯ ವ್ಯಾಪಾರ ಮಾಡುತ್ತದೆ. ಪಕ್ಕದ ಕಲಬುರಗಿಯ ತಾಂಡಾಗಳಲ್ಲಿ ಹೊಟ್ಟೆನೋವು, ಬಿಳಿಸೆರಗು ಎಂದು ಬಂದ ಎಳೆಯ ಹೆಣ್ಣುಮಕ್ಕಳಿಗೆ ಕ್ಯಾನ್ಸರಿನ ಹೆದರಿಕೆ ಹುಟ್ಟಿಸಿ ಗರ್ಭಚೀಲ ತೆಗೆದ ಸಂಗತಿ ಸುಮಾರು ಒಂದು ದಶಕದ ಹಿಂದೆ ಬೆಳಕಿಗೆ ಬಂತು. ಕ್ಯಾನ್ಸರ್ ಪೂರ್ವ ಹಂತದ ಮಚ್ಚೆಗೆ ಗರ್ಭಚೀಲ ಕಳೆದುಕೊಳ್ಳಬೇಕಿಲ್ಲ. ಶೀತದಿಂದಲೋ ಶಾಖದಿಂದಲೋ ಅದನ್ನು ಕೆಲವೇ ನಿಮಿಷಗಳಲ್ಲಿ ಸುಡಬಹುದು, ತಂತಿಯ ಕುಣಿಕೆಯಿಂದ ಕತ್ತರಿಸಿ ತೆಗೆಯಬಹುದು. ಅಂದೇ ಮನೆಗೆ ಹೋಗಬಹುದು. ಗರ್ಭಕಂಠವನ್ನು ಪರೀಕ್ಷಿಸದೆ ಸಾಮಾನ್ಯ ಶಸ್ತ್ರಚಿಕಿತ್ಸೆಯಲ್ಲಿ ಗರ್ಭಚೀಲ ತೆಗೆದರೆ, ಒಳಗೆ ನಿಜವಾಗಿಯೂ ಕ್ಯಾನ್ಸರ್ ಇದ್ದವರ ಚಿಕಿತ್ಸೆ ಅರ್ಧಕ್ಕೆ ನಿಂತಂತೆ.

ಎಚ್‌ಪಿವಿ ಸೋಂಕನ್ನು ತಡೆಯುವ ಲಸಿಕೆಯ ಕಥೆಯಲ್ಲೂ ಒಂದು ಗಾಯವಿದೆ. ಭಾರತದಲ್ಲಿ 2008ರಲ್ಲಿ ಅನುಮತಿ ಸಿಕ್ಕಿತು. ಮರುವರ್ಷ ಅಂದಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಹುಡುಗಿಯರಿಗೆ ಹಾಕುವ ಯೋಜನೆ ಶುರುವಾಯಿತು. ಏಳು ಹುಡುಗಿಯರು ತೀರಿಕೊಂಡ ಸುದ್ದಿಯ ಮೇಲೆ 2010ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಸಾವುಗಳಿಗೆ ಲಸಿಕೆ ಕಾರಣವಲ್ಲ ಎಂದು ತನಿಖೆ ಹೇಳಿತು. ಆದರೆ ಅನೇಕ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದು ನಿಜ. ಬಡವರ ಮಕ್ಕಳ ವಿಷಯದಲ್ಲಿ ಕೇಳದೆ ಮಾಡಿದ ಆ ತಪ್ಪಿನ ಬೆಲೆಯಾಗಿ ಊರೂರಲ್ಲಿ ಲಸಿಕೆಯ ಮೇಲೆ ಅನುಮಾನ ಉಳಿಯಿತು. ಆಗ ನಡೆಯುತ್ತಿದ್ದ ಇನ್ನೊಂದು ಅಧ್ಯಯನವೂ ಅದೇ ಆದೇಶದಿಂದ ನಡುವೆಯೇ ನಿಂತು, ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಹತ್ತು ವರ್ಷ ಅವರನ್ನು ಗಮನಿಸಿದಾಗ ಒಂದು ಡೋಸ್ ಕೂಡ 16 ಮತ್ತು 18ರ ನಿರಂತರ ಸೋಂಕನ್ನು ಶೇ 95ರಷ್ಟು ತಡೆದಿದ್ದು ಕಂಡಿತು. ಒಂದು ಡೋಸ್ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಪ್ಪಿದ್ದರ ಹಿಂದೆ ಈ ಮಕ್ಕಳೂ ಇದ್ದಾರೆ. ಅದೇ ವರ್ಷ ಪುಣೆಯ ಸೀರಂ ಸಂಸ್ಥೆಯ ‘ಸರ್ವಾವ್ಯಾಕ್’ ಲಸಿಕೆಗೂ ಅನುಮತಿ ದೊರೆಯಿತು. 9ರಿಂದ 14 ವರ್ಷ ಇದಕ್ಕೆ ಸರಿಯಾದ ವಯಸ್ಸು. ಲಸಿಕೆ ಹಾಕಿಸಿಕೊಂಡವರಿಗೂ ಮುಂದೆ ತಪಾಸಣೆ ಬೇಕೇ ಬೇಕು.

ಕಾಯಿಲೆ ಬಲಿತ ಮೇಲೆ ದಾರಿ ಉದ್ದ. ಆರಂಭದಲ್ಲಿ ಶಸ್ತ್ರಚಿಕಿತ್ಸೆ ಸಾಕಾಗಬಹುದು. ಮುಂದುವರಿದಿದ್ದರೆ ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ ಹೊರಗಿನಿಂದ ವಿಕಿರಣ, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿ, ಕೊನೆಗೆ ಒಳಗಿನಿಂದ ಕೊಡುವ ವಿಕಿರಣ. ಪೂರ್ತಿ ಮುಗಿಸಿದವರಲ್ಲಿ ಗುಣವಾಗುವವರು ಬಹಳ ಮಂದಿ. ಆದರೆ ಎರಡು ತಿಂಗಳು ಮನೆ, ಎಮ್ಮೆ, ಕೂಲಿ ಬಿಟ್ಟು ಬೆಂಗಳೂರಿನ ಧರ್ಮಶಾಲೆಯಲ್ಲಿ ಇರಬೇಕಾದವರು ನಡುವೆಯೇ ಊರಿಗೆ ಮರಳಿದರೆ ಅವರನ್ನು ದೂರುವುದು ಹೇಗೆ?

ರೈಲಿನಲ್ಲಿ ಆ ತಾಯಿಯ ಜೊತೆ ಮಗಳೂ ಇದ್ದಳು. ಮೂವತ್ತಮೂರು ವರ್ಷ, ಮೂರು ಮಕ್ಕಳ ತಾಯಿ. ಅಮ್ಮ ನಿದ್ದೆ ಹೋದ ಮೇಲೆ ಯಲಹಂಕದ ಹತ್ತಿರ ನನ್ನ ಕಿವಿಯ ಬಳಿ ಬಾಗಿ ಆ ಪರೀಕ್ಷೆ ನೋಯುತ್ತದೆಯೇ, ಗಂಡನಿಗೆ ಹೇಳಲೇಬೇಕೇ ಎಂದು ಕೇಳಿದಳು. ನೋಯುವುದಿಲ್ಲ, ಸ್ವಲ್ಪ ಇರಿಸುಮುರಿಸಾಗುತ್ತದೆ ಅಷ್ಟೇ, ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು ಎಂದೆ. ಮುಟ್ಟಿನ ದಿನಗಳನ್ನು ಬಿಟ್ಟು ಬೇರೆ ಯಾವ ದಿನವಾದರೂ ಆಗುತ್ತದೆ ಎಂದೂ ಹೇಳಿದೆ. ಅವಳು ಬೆರಳು ಮಡಿಸುತ್ತಾ ತನ್ನ ದಿನಗಳನ್ನು ಲೆಕ್ಕ ಹಾಕತೊಡಗಿದಳು.